ತೊಗಲು ಕಳಚಿದ ಐಫೋನ್

2012ರ ಅಕ್ಟೋಬರ್ 29, ಸೋಮವಾರ. ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿನ ಕಡೆ ನುಗ್ಗುತ್ತಿತ್ತು. ವಾಲ್‌ಸ್ಟ್ರೀಟಿನ ಷೇರುಪೇಟೆ ಬಾಗಿಲು ಹಾಕಿತ್ತು. ಅಮೆರಿಕದ ಟಿ.ವಿ. ಚಾನೆಲ್‌ಗಳಿಗೆ ಗಾಳಿ, ಮಳೆ, ಉಕ್ಕುವ ಸಮುದ್ರ ಬಿಟ್ಟರೆ ಬೇರೆ ಸುದ್ದಿಯೇ ಇರಲಿಲ್ಲ. ಅದೇ ದಿನ ದೇಶದ ಇನ್ನೊಂದು ತುದಿಯ ಕ್ಯುಪರ್ಟಿನೊದಿಂದ ಆ್ಯಪಲ್ ಕಂಪನಿ ಒಂದು ಪತ್ರಿಕಾ ಪ್ರಕಟಣೆ ಹೊರಡಿಸಿತು. ಕಂಪನಿಯ ಬೇರೆ ಬೇರೆ ವಿಭಾಗಗಳು ಇನ್ನಷ್ಟು ಕೂಡಿ ಕೆಲಸ ಮಾಡಲೆಂದು ಕೆಲವು ಬದಲಾವಣೆ ಮಾಡಿದ್ದೇವೆ ಎಂಬುದು ತಲೆಬರಹದ ಸಾರ. ಒಳಗೆ ಓದಿದವರಿಗೆ ಸಿಕ್ಕಿದ ಸುದ್ದಿ ಬೇರೆ. ಐಫೋನ್ ತಂತ್ರಾಂಶದ ಮುಖ್ಯಸ್ಥ ಸ್ಕಾಟ್ ಫೋರ್‌ಸ್ಟಾಲ್ ಕಂಪನಿ ಬಿಡುತ್ತಿದ್ದಾರೆ. ಷೇರುಪೇಟೆ ಮುಚ್ಚಿದ ದಿನ ನೋಡಿಯೇ ಪ್ರಕಟಿಸಿದರೋ, ಹಾಗೇ ಕೂಡಿಬಂತೋ, ಅನುಮಾನಪಟ್ಟವರಂತೂ ಬಹಳ ಮಂದಿ.

ಫೋರ್‌ಸ್ಟಾಲ್ ಹತ್ತರಲ್ಲಿ ಹನ್ನೊಂದನೆಯವರಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಓದು ಮುಗಿಸಿ 1992ರಲ್ಲಿ ನೇರವಾಗಿ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿ ಸೇರಿದವರು. ಆ್ಯಪಲ್ ಆ ಕಂಪನಿಯನ್ನು ಕೊಂಡಾಗ ಜಾಬ್ಸ್ ಹಿಂದೆಯೇ ಬಂದವರು. 2007ರ ಮೊದಲ ಐಫೋನಿನ ತಂತ್ರಾಂಶ ಕಟ್ಟಿದ್ದು ಅವರ ತಂಡ. ಮುಂದೆ ಐಒಎಸ್ ಎಂದು ಹೆಸರು ಪಡೆದ, ಐಪ್ಯಾಡನ್ನೂ ನಡೆಸಿದ ಆ ವ್ಯವಸ್ಥೆಯ ಮೇಲೆ ಅವರ ಹಿಡಿತ ಎಷ್ಟಿತ್ತೆಂದರೆ, ಜಾಬ್ಸ್ ನಂತರ ಆ ಕುರ್ಚಿ ಒಂದು ದಿನ ಇವರಿಗೇ ಎಂದು ಮಾತಾಡಿಕೊಂಡವರಿದ್ದರು. ಅಂಥವರು ಹೊರಟರು. ಅವರ ಬೆನ್ನಿಗೇ ಕೋಟ್ಯಂತರ ಜನರ ಕೈಯಲ್ಲಿದ್ದ ಫೋನಿನ ಮುಖವೂ ಹೊರಟಿತು.

ಆ ಮುಖ ಹೇಗಿತ್ತು ಎಂಬುದನ್ನು ಈಗಿನ ಹುಡುಗರಿಗೆ ಸ್ವಲ್ಪ ವಿವರಿಸಿಯೇ ಹೇಳಬೇಕು. 2007ರಲ್ಲಿ ಜನ ಬಳಸುತ್ತಿದ್ದದ್ದು ಗುಂಡಿ ಒತ್ತುವ ಫೋನು. ಕತ್ತಲಲ್ಲೂ ಬೆರಳಿಗೆ ಸಿಗುವ ಗುಂಡಿ. ಅಂಥವರಿಗೆ ಬರೀ ಗಾಜಿನ ಹಲಗೆ ಕೊಟ್ಟು, ಎಲ್ಲಿ ಒತ್ತಬೇಕು, ಎಲ್ಲಿ ಎಳೆಯಬೇಕು ಎಂದು ಹೇಳುವುದು ಹೇಗೆ? ಕೈಪಿಡಿ ಓದುವವರು ಯಾವ ದೇಶದಲ್ಲೂ ಇಲ್ಲ. ಫೋರ್‌ಸ್ಟಾಲ್ ತಂಡ ಹಿಡಿದ ದಾರಿ ಸರಳ: ಪರದೆಯ ಮೇಲಿನ ಗುಂಡಿ ನಿಜವಾದ ಗುಂಡಿಯಂತೆಯೇ ಉಬ್ಬಿರಲಿ, ಅದರಡಿಗೆ ನೆರಳು ಬೀಳಲಿ. ಟಿಪ್ಪಣಿ ಬರೆಯುವ ಜಾಗ ಹಳದಿ ಗೀಟು ಹಾಳೆಯಂತೆ ಕಾಣಲಿ. ಕಂಡಕೂಡಲೇ ಕೈ ತಾನಾಗಿ ಅತ್ತ ಹೋಗಲಿ.

ದಾರಿ ಸರಿಯಾಗಿಯೇ ಇತ್ತು, ಅತಿಯಾಯಿತು. 2010ರಲ್ಲಿ ಐಪ್ಯಾಡ್ ಬಂದಾಗ ಜಾಗ ದೊಡ್ಡದಾಯಿತು, ಜತೆಗೆ ಅಲಂಕಾರವೂ ಬೆಳೆಯಿತು. ಐಬುಕ್ಸ್‌ನಲ್ಲಿ ಪುಸ್ತಕಗಳು ಮರದ ಕಪಾಟಿನಲ್ಲಿ ಕೂತವು. ಪುಟ ತಿರುವುವಾಗ ಹಾಳೆ ಬಾಗಿ, ಅದರ ಬೆನ್ನಲ್ಲಿ ಹಿಂದಿನ ಅಕ್ಷರಗಳು ತಿರುಗುಮುರುಗಾಗಿ ಮಸುಕಾಗಿ ಕಾಣುತ್ತಿದ್ದವು. ಕ್ಯಾಲೆಂಡರಿಗೆ ಚರ್ಮದ ರಟ್ಟು, ಆ ರಟ್ಟಿನ ಅಂಚಿನಲ್ಲಿ ಹಿಂದಿನ ತಿಂಗಳ ಹಾಳೆ ಹರಿದಾಗ ಉಳಿದ ಚಿಂದಿ. ಗೆಳೆಯರು ಎಲ್ಲಿದ್ದಾರೆಂದು ಹುಡುಕುವ ಆ್ಯಪಿಗೂ ಹೊಲಿಗೆ ಹಾಕಿದ ಚರ್ಮವೇ. ಕ್ಯಾಲೆಂಡರಿನ ಹೊಲಿಗೆಯ ಮಾದರಿ ಜಾಬ್ಸ್ ಅವರ ಸ್ವಂತ ವಿಮಾನದ ಸೀಟಿನದು ಎಂದು ಆಗ ವರದಿಯಾಗಿತ್ತು. ಗೇಮ್ ಸೆಂಟರ್ ತೆರೆದರೆ ಕ್ಯಾಸಿನೊದ ಹಸಿರು ಬಟ್ಟೆ ಹೊದಿಸಿದ ಮೇಜು. ಪಾಡ್‌ಕಾಸ್ಟ್ ಹಾಕಿದರೆ ಟೇಪ್‌ರೆಕಾರ್ಡರಿನ ಚಕ್ರಗಳು ಗಿರ್ರನೆ ಸುತ್ತುತ್ತಿದ್ದವು. ಬೇಡವಾದ ಟಿಕೆಟ್ ಅಳಿಸಿದರೆ ಅದು ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕು ಚೂರುಚೂರಾಗುತ್ತಿತ್ತು. ಐಒಎಸ್ 6ರ ಮ್ಯೂಸಿಕ್ ಆ್ಯಪಿನಲ್ಲಿ ದನಿ ಹೆಚ್ಚುಕಡಿಮೆ ಮಾಡುವ ಲೋಹದ ಬಿಲ್ಲೆಯೊಂದಿತ್ತು. ಫೋನನ್ನು ಆಚೀಚೆ ವಾಲಿಸಿದರೆ ಅದರ ಮೇಲಿನ ಬೆಳಕಿನ ಹೊಳಪೂ ವಾಲುತ್ತಿತ್ತು. ಆ ಕೈಚಳಕ ಮೆಚ್ಚಬೇಕಾದ್ದೇ. ಆದರೆ ಬಹಳ ಮಂದಿ ಅದನ್ನು ಗಮನಿಸಲೇ ಇಲ್ಲ.

ಈ ಬಗೆಯ ವಿನ್ಯಾಸಕ್ಕೆ ಸ್ಕ್ಯೂಮಾರ್ಫಿಸಂ ಎಂಬ ದೊಡ್ಡ ಹೆಸರಿದೆ. ದೂರೆಲ್ಲ ಫೋರ್‌ಸ್ಟಾಲ್ ತಲೆಗೆ ಕಟ್ಟುವುದು ಆಮೇಲೆ ರೂಢಿಯಾಯಿತು. ಅದು ನ್ಯಾಯವಲ್ಲ. ಚರ್ಮ, ಮರ, ಹೊಲಿಗೆ ಇವುಗಳ ಮೇಲೆ ಜಾಬ್ಸ್ ಅವರಿಗೇ ಮೋಹವಿತ್ತು, ಅವರ ಒಪ್ಪಿಗೆಯಿಲ್ಲದೆ ಒಂದು ಗೆರೆಯೂ ಪರದೆಗೆ ಬರುತ್ತಿರಲಿಲ್ಲ. ಆದರೆ 2011ರ ಅಕ್ಟೋಬರ್ 5ರಂದು ಜಾಬ್ಸ್ ತೀರಿಕೊಂಡರು. ತೀರಿಕೊಂಡವರನ್ನು ಬಯ್ಯುವವರಿಲ್ಲ.

ಕಂಪನಿಯೊಳಗೆ ಈ ಅಲಂಕಾರ ಹಿಡಿಸದವರಲ್ಲಿ ದೊಡ್ಡ ಹೆಸರು ಜೋನಿ ಐವ್. ಲಂಡನ್ನಿನವರು, ಬೆಳ್ಳಿ ಕೆಲಸ ಬಲ್ಲ ಮೇಷ್ಟರ ಮಗ, 1992ರಿಂದ ಆ್ಯಪಲ್‌ನಲ್ಲಿದ್ದವರು. ಬಣ್ಣಬಣ್ಣದ ಐಮ್ಯಾಕ್, ಐಪಾಡ್, ಐಫೋನ್ ಎಲ್ಲದರ ಹೊರಮೈ ಇವರ ತಂಡದ್ದೇ. ಒಂದು ಗೆರೆ ಹೆಚ್ಚಾದರೂ ಸಹಿಸದ ಮನುಷ್ಯ. ಅಲ್ಯೂಮಿನಿಯಂ ಮತ್ತು ಗಾಜಿನಲ್ಲಿ ಅವರು ಕೆತ್ತಿಕೊಟ್ಟ ಫೋನನ್ನು ಆನ್ ಮಾಡಿದರೆ ಒಳಗಿಂದ ಚರ್ಮ, ಹೊಲಿಗೆ, ಹಸಿರು ಮೇಜು! ಹೊರಮೈ ಅವರದು, ಪರದೆ ಫೋರ್‌ಸ್ಟಾಲ್ ಅವರದು. ಇಬ್ಬರಿಗೂ ಆಗಿಬರುತ್ತಿರಲಿಲ್ಲ ಎಂಬುದು ಕ್ಯುಪರ್ಟಿನೊದಲ್ಲಿ ಗುಟ್ಟಾಗಿ ಉಳಿದಿರಲಿಲ್ಲ. ಅಷ್ಟರಲ್ಲಿ ಹೊರಗಿನ ಗಾಳಿಯೂ ತಿರುಗಿತ್ತು. 2010ರ ವಿಂಡೋಸ್ ಫೋನ್ 7 ನೆರಳು, ಉಬ್ಬು ಎಲ್ಲ ಕಿತ್ತೆಸೆದು ಚೌಕಾಕಾರದ ಬಣ್ಣದ ಹಲಗೆಗಳನ್ನೇ ಇಟ್ಟಿತು. ಜನ ಆ ಫೋನನ್ನು ಕೊಳ್ಳಲಿಲ್ಲ ನಿಜ, ವಿನ್ಯಾಸಕಾರರು ಮಾತ್ರ ಕಣ್ಣರಳಿಸಿ ನೋಡಿದರು. 2011ರ ಕೊನೆಗೆ ಬಂದ ಆಂಡ್ರಾಯ್ಡ್ 4.0 ಕೂಡ ತೆಳ್ಳಗಾಯಿತು. ಐಫೋನಿನ ಪರದೆಯೇ ಹಳೆಯದಾಗಿ ಕಾಣತೊಡಗಿತು.

ನೆಪ ಸಿಕ್ಕಿದ್ದು ನಕ್ಷೆಯ ರೂಪದಲ್ಲಿ. 2012ರ ಸೆಪ್ಟೆಂಬರ್ 19ರಂದು ಬಿಡುಗಡೆಯಾದ ಐಒಎಸ್ 6, ಗೂಗಲ್ ನಕ್ಷೆಯನ್ನು ಹೊರಹಾಕಿ ಆ್ಯಪಲ್‌ನ ಸ್ವಂತ ನಕ್ಷೆ ಇಟ್ಟಿತು. ಸೇತುವೆಗಳು ಬೆಣ್ಣೆಯಂತೆ ಕರಗಿ ನದಿಗೆ ಇಳಿದಿದ್ದವು. ಡಬ್ಲಿನ್ ಹತ್ತಿರದ ಏರ್‌ಫೀಲ್ಡ್ ಎಂಬ ಹೆಸರಿನ ತೋಟದ ಮೇಲೆ ವಿಮಾನ ನಿಲ್ದಾಣದ ಗುರುತು ಬಿದ್ದಿತ್ತು. ಪೈಲಟ್‌ಗಳಿಗೆ ತಿಳಿಸಿ ಎಂದು ಐರ್ಲೆಂಡಿನ ಮಂತ್ರಿಯೊಬ್ಬರೇ ದೂರಿದರು. ಆಸ್ಟ್ರೇಲಿಯಾದ ಮಿಲ್ಡುರಾ ಪಟ್ಟಣಕ್ಕೆ ಹೊರಟವರನ್ನು ಅದು ಬಿರುಬಿಸಿಲಿನ ನಿರ್ಜನ ಕಾಡಿಗೆ ಕರೆದೊಯ್ಯುತ್ತಿತ್ತು, ಮುಂದೆ ಪೊಲೀಸರೇ ಎಚ್ಚರಿಕೆ ಕೊಡಬೇಕಾಯಿತು. ಸೆಪ್ಟೆಂಬರ್ 28ರಂದು ಮುಖ್ಯಸ್ಥ ಟಿಮ್ ಕುಕ್ ಬಹಿರಂಗ ಪತ್ರ ಬರೆದು ಕ್ಷಮೆ ಕೇಳಿದರು, ಸದ್ಯಕ್ಕೆ ಬೇರೆಯವರ ನಕ್ಷೆ ಬಳಸಿ ಎಂದರು. ಆ್ಯಪಲ್ ಇತಿಹಾಸದಲ್ಲಿ ಅಂಥ ಮಾತು ಅಪರೂಪ. ಆ ಪತ್ರಕ್ಕೆ ಸಹಿ ಹಾಕಲು ಫೋರ್‌ಸ್ಟಾಲ್ ಒಪ್ಪಲಿಲ್ಲ ಎಂದು ವರದಿಗಳು ಬಂದವು. ತಿಂಗಳು ಕಳೆಯುತ್ತಿದ್ದಂತೆ ಅವರ ಗಂಟುಮೂಟೆ ಕಟ್ಟಿಸಲಾಯಿತು.

ಚಂಡಮಾರುತದ ದಿನದ ಆ ಪ್ರಕಟಣೆಯಲ್ಲೇ ಆಸ್ತಿ ಪಾಲೂ ಆಗಿತ್ತು. ನಕ್ಷೆ ಮತ್ತು ಧ್ವನಿಸಹಾಯಕ ಸಿರಿ, ಇಂಟರ್‌ನೆಟ್ ಸೇವೆಗಳನ್ನು ನೋಡಿಕೊಳ್ಳುತ್ತಿದ್ದ ಎಡ್ಡಿ ಕ್ಯೂ ಪಾಲಿಗೆ. ಐಒಎಸ್ ಕಟ್ಟುವ ಕೆಲಸ, ಮ್ಯಾಕ್ ತಂತ್ರಾಂಶ ನೋಡಿಕೊಳ್ಳುತ್ತಿದ್ದ ಕ್ರೇಗ್ ಫೆಡರಿಘಿ ಪಾಲಿಗೆ. ಪರದೆಯ ಮೇಲೆ ಏನು, ಹೇಗೆ ಕಾಣಬೇಕು ಎಂಬ ಅಧಿಕಾರ ಜೋನಿ ಐವ್ ಕೈಗೆ. ಇಪ್ಪತ್ತು ವರ್ಷ ಹೊರಮೈ ತೀಡಿದವರಿಗೆ ಮೊದಲ ಸಲ ಒಳಗೂ ಹಕ್ಕು ಬಂತು.

ಉಳಿದದ್ದು ಹೆಚ್ಚುಕಡಿಮೆ ಏಳು ತಿಂಗಳು. ಆ್ಯಪಲ್ ಪ್ರತಿ ಜೂನ್‌ನಲ್ಲಿ ಡೆವಲಪರ್‌ಗಳ ಸಮಾವೇಶ ನಡೆಸಿ ಹೊಸ ಐಒಎಸ್ ತೋರಿಸಬೇಕು, ಸೆಪ್ಟೆಂಬರ್‌ನಲ್ಲಿ ಹೊಸ ಐಫೋನ್ ಜತೆ ಅದನ್ನು ಜನರ ಕೈಗಿಡಬೇಕು. ಆ ಚಕ್ರ ಯಾರಿಗೂ ಕಾಯುವುದಿಲ್ಲ. ಏಳು ತಿಂಗಳಲ್ಲಿ ಒಂದು ಕಾರ್ಯವ್ಯವಸ್ಥೆಯ ಪ್ರತಿಯೊಂದು ಐಕಾನ್, ಅಕ್ಷರ, ಗುಂಡಿಯನ್ನು ಬದಲಿಸುವುದೆಂದರೆ ಹುಡುಗಾಟವಲ್ಲ. ಮ್ಯಾಕ್ ತಂಡದಿಂದ ಎಂಜಿನಿಯರ್‌ಗಳನ್ನು ಎರವಲು ತಂದರು, ಜಾಹೀರಾತು ವಿಭಾಗದ ಕಲಾವಿದರಿಂದಲೂ ಐಕಾನ್ ಬರೆಸಿದರು ಎಂಬ ಸುದ್ದಿ ಹೊರಗೆ ಸೋರಿತು. ಪಕ್ಕದಲ್ಲಿ ಕೂತವರಿಗೆ ಪರದೆ ಕಾಣದಂಥ ಹಾಳೆ ಅಂಟಿಸಿದ ಫೋನುಗಳನ್ನೇ ಆ ತಂಡದವರು ಹಿಡಿದು ಓಡಾಡುತ್ತಿದ್ದರಂತೆ. ಹೊರಗಿನವರಿಗೆ ಏಪ್ರಿಲ್‌ನಲ್ಲಿ ಗೊತ್ತಾದದ್ದು ಒಂದೇ ಸಂಗತಿ: ಒಂದಕ್ಕೆ 1,599 ಡಾಲರ್ ಬೆಲೆಯ ಸಮಾವೇಶದ ಟಿಕೆಟ್‌ಗಳು ಎರಡು ನಿಮಿಷದಲ್ಲಿ ಖಾಲಿಯಾದವು.

2013ರ ಜೂನ್ 10, ಸ್ಯಾನ್‌ಫ್ರಾನ್ಸಿಸ್ಕೊದ ಮಾಸ್ಕೋನ್ ಸಭಾಂಗಣ. ಹೊಸ ಆವೃತ್ತಿಯ ಹೆಸರು ಐಒಎಸ್ 7. ಐಫೋನ್ ಹುಟ್ಟಿದ ಮೇಲೆ ಐಒಎಸ್‌ಗೆ ಇದೇ ಅತಿ ದೊಡ್ಡ ಬದಲಾವಣೆ ಎಂದು ಕುಕ್ ಘೋಷಿಸಿದರು. ಐವ್ ವೇದಿಕೆಗೆ ಬರಲಿಲ್ಲ. ಅವರು ಎಂದೂ ಹಾಗೇ, ಬಿಳಿ ಹಿನ್ನೆಲೆಯ ವಿಡಿಯೊದಲ್ಲಿ ಕೂತು ಮೆಲುದನಿಯಲ್ಲಿ ಮಾತಾಡುವವರು. ಸರಳತೆಯೆಂದರೆ ಅಲಂಕಾರ ತೆಗೆಯುವುದಷ್ಟೇ ಅಲ್ಲ, ಗೊಂದಲದ ನಡುವೆ ಕ್ರಮ ತರುವುದು ಎಂಬ ಅರ್ಥದ ಮಾತು ಅಲ್ಲಿ ಕೇಳಿಸಿತು. ವೇದಿಕೆಯ ಮೇಲಿದ್ದ ಫೆಡರಿಘಿಗೆ ಅಷ್ಟು ಗಾಂಭೀರ್ಯವಿರಲಿಲ್ಲ. ಹೊಸ ಮ್ಯಾಕ್ ಕ್ಯಾಲೆಂಡರ್ ತಯಾರಿಸುವಾಗ ಪರದೆಯ ಯಾವ ಹಸುವಿಗೂ ನೋವಾಗಿಲ್ಲ ಎಂದು ನಗಿಸಿದರು. ಗೇಮ್ ಸೆಂಟರ್ ತೋರಿಸುವಾಗ, ನಮ್ಮಲ್ಲಿ ಹಸಿರು ಬಟ್ಟೆಯ ದಾಸ್ತಾನೇ ಮುಗಿದುಹೋಯಿತು ಎಂದರು. ಸಭೆ ಗೊಳ್ಳೆಂದಿತು. ಎಂಟು ತಿಂಗಳ ಹಿಂದಿನವರೆಗೂ ಅದೇ ಕಂಪನಿಯಲ್ಲಿ ಅದೇ ಚರ್ಮವನ್ನು ಹೊಲಿದವರು ಆ ನಗುವಿನಲ್ಲಿ ಎಷ್ಟು ಮಂದಿ ಸೇರಿಕೊಂಡರೋ.

ಪರದೆಯ ಮೇಲೆ ಕಂಡದ್ದು ಪೂರ್ತಿ ಬೇರೆ ಲೋಕ. ಚರ್ಮ ಹೋಯಿತು, ಮರ ಹೋಯಿತು, ಹಳದಿ ಹಾಳೆ ಹೋಯಿತು. ಗುಂಡಿಗಳ ಉಬ್ಬು ಹೋಯಿತು. ಬಹಳ ಕಡೆ ಗುಂಡಿಯೇ ಹೋಗಿ ಬರೀ ನೀಲಿ ಅಕ್ಷರ ಉಳಿಯಿತು. ಸಿಗ್ನಲ್ ತೋರಿಸುವ ಏಣಿಗೆರೆಗಳು ಐದು ಚುಕ್ಕೆಗಳಾದವು. ಅಕ್ಷರಗಳು ಕೂದಲೆಳೆಯಷ್ಟು ತೆಳ್ಳಗಾದವು. ಪರದೆಯ ಕೆಳಗಿನಿಂದ ಬೆರಳು ಎಳೆದರೆ ಮಂಜುಗಾಜಿನಂಥ ಹಲಗೆಯೊಂದು ಮೇಲೇರಿ ಬರುತ್ತಿತ್ತು. ವೈಫೈ, ಟಾರ್ಚು, ಬೆಳಕು ಎಲ್ಲ ಅಲ್ಲೇ. ಆ ಗಾಜಿನ ಹಿಂದೆ ಇರುವುದರ ಬಣ್ಣ ಮಸುಕಾಗಿ ಕಾಣುತ್ತಿತ್ತು. ಫೋನು ವಾಲಿಸಿದರೆ ಐಕಾನ್‌ಗಳು ಹಿನ್ನೆಲೆಯ ಚಿತ್ರದಿಂದ ಒಂದಿಷ್ಟು ಮೇಲೆ ತೇಲುವಂತೆ ಸರಿಯುತ್ತಿದ್ದವು. ಗಡಿಯಾರದ ಐಕಾನ್‌ನಲ್ಲಿ, ಆ ಉಗುರಗಲದ ಚೌಕದೊಳಗೆ, ಸೆಕೆಂಡಿನ ಮುಳ್ಳು ನಿಜಕ್ಕೂ ಓಡುತ್ತಿತ್ತು. ಅಲಂಕಾರ ಬೇಡ ಎಂದವರೇ ಕೂರಿಸಿದ ಅಲಂಕಾರ ಅದು, ಆದರೂ ನೋಡುತ್ತಾ ಕೂರುವ ಹಾಗಿತ್ತು.

ಎಲ್ಲವೂ ಚೆನ್ನಾಗಿತ್ತೆಂದಲ್ಲ. ಐಕಾನ್‌ಗಳ ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಮಕ್ಕಳ ಆಟಿಕೆ ಅಂಗಡಿ ಎಂದವರು ಬಹಳ. ಹಸಿರು ಮೇಜಿನ ಜಾಗಕ್ಕೆ ಗೇಮ್ ಸೆಂಟರ್‌ನಲ್ಲಿ ಬಂದದ್ದು ನಾಲ್ಕು ಬಣ್ಣದ ಗಾಜಿನ ಗುಳ್ಳೆ. ಹಳೆಯ ಮೇಜು ಎಷ್ಟೇ ಒಡ್ಡೊಡ್ಡಾಗಿರಲಿ, ಇಲ್ಲಿ ಆಟ ನಡೆಯುತ್ತದೆ ಎಂದು ಹೇಳುತ್ತಿತ್ತು. ಈ ಗುಳ್ಳೆಗಳು ಏನನ್ನೂ ಹೇಳುತ್ತಿರಲಿಲ್ಲ. ಅವಸರದ ಅಡುಗೆ ಎಂಬುದು ಇನ್ನೂ ಒಂದು ಕಡೆ ಕಂಡಿತು: ಆ ದಿನ ಡೆವಲಪರ್‌ಗಳಿಗೆ ಸಿಕ್ಕಿದ್ದು ಐಫೋನಿನ ಪ್ರತಿ ಮಾತ್ರ. ಐಪ್ಯಾಡಿನದು ಎರಡು ವಾರ ತಡೆದು, ಜೂನ್ 24ಕ್ಕೆ ಬಂತು. ಫೋನಿಗಾಗಿ ಬರೆದದ್ದನ್ನು ಹಿಗ್ಗಿಸಿ ಹೊದಿಸಿದಂತಿದ್ದ ಅದರ ಖಾಲಿ ಬಿಳಿ ಬಯಲು ಬಹಳ ದಿನ ಹಾಗೇ ಉಳಿಯಿತು. ಅಕ್ಷರ ತೀರಾ ತೆಳು ಎಂದು ಬೊಬ್ಬೆ ಎದ್ದ ಮೇಲೆ ಮೂರನೆಯ ಬೀಟಾದಲ್ಲಿ ಅವಕ್ಕೆ ಒಂದಿಷ್ಟು ಮೈ ತುಂಬಿಸಿದರು.

ಆ ಬೇಸಿಗೆಯಲ್ಲಿ ಹೆಚ್ಚು ಬೆವರು ಸುರಿಸಿದವರು ಆ್ಯಪ್ ಬರೆಯುವವರು. ಹೊಸ ಬಿಳಿ ಪರದೆಯಲ್ಲಿ ಹಳೆಯ ಉಬ್ಬುಗುಂಡಿಯ ಆ್ಯಪ್ ತೆರೆದರೆ ಮದುವೆ ಮನೆಗೆ ಹಳೇ ಅಂಗಿಯಲ್ಲಿ ಬಂದವನ ಹಾಗೆ ಕಾಣುತ್ತಿತ್ತು. ಕೆಲವರು ಮೊದಲಿಂದ ಹೊಸದಾಗಿ ಬರೆದು, ಹೊಸ ಹೆಸರಿಟ್ಟು, ಹಳೆ ಗಿರಾಕಿಗಳಿಂದ ಮತ್ತೆ ದುಡ್ಡು ಕೇಳಿದರು. ಮನಸ್ಸಿಲ್ಲದವರಿಗೂ ತಪ್ಪಲಿಲ್ಲ: 2014ರ ಫೆಬ್ರುವರಿ 1ರಿಂದ ಐಒಎಸ್ 7ಕ್ಕೆ ಹೊಂದಿಸದ ಆ್ಯಪನ್ನು ಸ್ವೀಕರಿಸುವುದಿಲ್ಲ ಎಂದು ಆ್ಯಪಲ್ ಕಟ್ಟಪ್ಪಣೆ ಮಾಡಿತು. ತಮಾಷೆಯೆಂದರೆ, ಆ್ಯಪಲ್‌ನದೇ ಐಬುಕ್ಸ್ ಹೊಸ ಐಒಎಸ್ ಬಂದ ಎರಡು ತಿಂಗಳವರೆಗೂ ತನ್ನ ಮರದ ಕಪಾಟನ್ನು ಬಿಟ್ಟುಕೊಟ್ಟಿರಲಿಲ್ಲ.

2013ರ ಸೆಪ್ಟೆಂಬರ್ 18, ಬುಧವಾರ. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 10 ಗಂಟೆ, ನಮ್ಮಲ್ಲಿ ರಾತ್ರಿ ಹತ್ತೂವರೆ. ಜಗತ್ತಿನ ಮೂಲೆಮೂಲೆಯ ಐಫೋನ್ ಐಪ್ಯಾಡ್‌ಗಳಲ್ಲಿ ಅಪ್‌ಡೇಟ್ ಬಂದಿದೆ ಎಂಬ ಕೆಂಪು ಚುಕ್ಕೆ ಮೂಡಿತು. ಎಲ್ಲರೂ ಒಟ್ಟಿಗೇ ಒತ್ತಿದರು, ಮೊದಲ ಕೆಲವು ಗಂಟೆ ಸರ್ವರ್‌ಗಳು ಏದುಸಿರು ಬಿಟ್ಟವು, ಅಪ್‌ಡೇಟ್ ಆಗಲಿಲ್ಲ ಎಂಬ ಸಂದೇಶವೇ ಬಹಳ ಜನಕ್ಕೆ ಸಿಕ್ಕಿದ ಮೊದಲ ಪ್ರಸಾದ. ಐಫೋನ್ 5ಕ್ಕೆ ಇಳಿಸಿಕೊಳ್ಳಬೇಕಾದದ್ದು ಸುಮಾರು 750 ಎಂಬಿ. ಆಗಿನ 2 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್ ಪೂರ್ತಿ ವೇಗದಲ್ಲಿ ಓಡಿದರೂ ಐವತ್ತು ನಿಮಿಷದ ಕೆಲಸ. ಪೂರ್ತಿ ವೇಗದಲ್ಲಿ ಓಡಿದ ಬ್ರಾಡ್‌ಬ್ಯಾಂಡನ್ನು ಯಾರೂ ಕಂಡಿರಲಿಲ್ಲ ಬಿಡಿ. ಫೋನಿನಲ್ಲೇ ಹಾಕಿಕೊಳ್ಳುವುದಾದರೆ 3 ಜಿಬಿಯಷ್ಟು ಜಾಗ ಖಾಲಿ ಬೇಕಿತ್ತು. 16 ಜಿಬಿ ಫೋನಿನವರು ಮದುವೆ ಫೋಟೊ ಅಳಿಸುವುದೋ ಸಿನಿಮಾ ಹಾಡು ಅಳಿಸುವುದೋ ಎಂದು ಲೆಕ್ಕ ಹಾಕುತ್ತಾ ಕೂತರು.

ಇಷ್ಟೆಲ್ಲ ತೊಡಕಿದ್ದರೂ ಜನ ಹಿಂಜರಿಯಲಿಲ್ಲ. ಸೆಪ್ಟೆಂಬರ್ 23ರಂದು ಆ್ಯಪಲ್ ಲೆಕ್ಕ ಕೊಟ್ಟಿತು: ಮೂರು ದಿನದಲ್ಲಿ ಹೊಸ ಐಫೋನ್ 5ಎಸ್ ಮತ್ತು 5ಸಿ ಸೇರಿ 90 ಲಕ್ಷ ಮಾರಾಟ, ಐಒಎಸ್ 7 ಓಡುತ್ತಿರುವ ಸಾಧನಗಳು 20 ಕೋಟಿಗೂ ಹೆಚ್ಚು. ಐದೇ ದಿನದಲ್ಲಿ 20 ಕೋಟಿ! ಆಂಡ್ರಾಯ್ಡ್ ಲೋಕದಲ್ಲಿ ಹೊಸ ಆವೃತ್ತಿ ಅಷ್ಟು ಫೋನುಗಳನ್ನು ಮುಟ್ಟಲು ವರ್ಷಗಟ್ಟಲೆ ಹಿಡಿಯುತ್ತಿದ್ದ ಕಾಲ ಅದು. ತಂತ್ರಾಂಶದ ಚರಿತ್ರೆಯಲ್ಲಿ ಇಷ್ಟು ಜನರ ಕೈಯಲ್ಲಿದ್ದ ವಸ್ತು ಇಷ್ಟು ಬೇಗ ಇಷ್ಟು ಬದಲಾದದ್ದು ಅದಕ್ಕೆ ಮುಂಚೆ ಇರಲಿಲ್ಲ.

ಬೆಳಗಾದ ಮೇಲೆ ದೂರುಗಳು ಶುರುವಾದವು. ಆ್ಯಪ್ ತೆರೆದರೆ ಪರದೆ ಮುಖಕ್ಕೇ ನುಗ್ಗಿಬಂದಂತೆ ದೊಡ್ಡದಾಗುತ್ತಿತ್ತು, ಮುಚ್ಚಿದರೆ ಹಿಂದಕ್ಕೆ ಸರಿಯುತ್ತಿತ್ತು. ಘಾಟಿ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಆಗುವುದೇ ಕೆಲವರಿಗೆ ಆಯಿತು: ತಲೆಸುತ್ತು, ವಾಕರಿಕೆ. ಮೊದಲು ನಕ್ಕವರಿದ್ದರು. ಆದರೆ ಕಿವಿಯೊಳಗಿನ ಸಮತೋಲದ ತೊಂದರೆ ಇರುವವರಿಗೆ ಅದು ನಗೆಯ ಮಾತಾಗಿರಲಿಲ್ಲ. ಅಕ್ಟೋಬರ್ 22ರ 7.0.3 ಆವೃತ್ತಿಯಲ್ಲಿ ಆ ಜಿಗಿತವನ್ನು ನಿಲ್ಲಿಸಿ ಮೆಲ್ಲಗೆ ಮಸುಕಾಗಿಸುವ ಆಯ್ಕೆ ಕೊಟ್ಟರು. 2010ರ ಐಫೋನ್ 4ಕ್ಕೂ ಐಒಎಸ್ 7 ಹಾಕಿಕೊಳ್ಳಬಹುದಿತ್ತು, ಹಾಕಿಕೊಂಡವರ ಫೋನು ಕುಂಟಿತು. ಇದ್ದಕ್ಕಿದ್ದಂತೆ ಪರದೆ ಬೆಳ್ಳಗಾಗಿ ಫೋನು ತಾನಾಗಿ ಮತ್ತೆ ಶುರುವಾಗುವ ಕಾಟ 2014ರ ಮಾರ್ಚ್‌ನ 7.1 ಬರುವವರೆಗೂ ಪೂರ್ತಿ ಹೋಗಲಿಲ್ಲ. ಬಿಡುಗಡೆಯಾದ ಕೆಲವೇ ದಿನಕ್ಕೆ, ಬೀಗ ಹಾಕಿದ ಫೋನಿನ ಫೋಟೊಗಳನ್ನು ಹೊಸ ಹಲಗೆಯ ಸಂದಿಯಿಂದ ನೋಡುವ ದಾರಿಯನ್ನು ಯಾರೋ ಹುಡುಕಿದರು, ವಾರದೊಳಗೆ ಅದಕ್ಕೆ ತೇಪೆ ಬಿತ್ತು. ಈ ನಡುವೆ, ಐಒಎಸ್ 7 ಹಾಕಿಕೊಂಡರೆ ಫೋನಿಗೆ ನೀರು ತಾಗಿದರೂ ಏನೂ ಆಗುವುದಿಲ್ಲ ಎಂಬ ನಕಲಿ ಜಾಹೀರಾತೊಂದನ್ನು ಕಿಡಿಗೇಡಿಗಳು ಹರಿಬಿಟ್ಟರು. ನಂಬಿ ನೀರಿಗೆ ಹಾಕಿದವರ ಗೋಳು ಹೇಳತೀರದು.

ಇವೆಲ್ಲಕ್ಕಿಂತ ದೊಡ್ಡ ಸಂಗತಿಯನ್ನು ಬಣ್ಣದ ಜಗಳದಲ್ಲಿ ಹೆಚ್ಚು ಜನ ಗಮನಿಸಲಿಲ್ಲ. ಹಿಡಿಸದವರು ಹಳೆಯ ಐಒಎಸ್ 6ಕ್ಕೆ ಮರಳಲು ನೋಡಿದರು. ಐಫೋನಿಗೆ ಯಾವ ಆವೃತ್ತಿ ಹಾಕಬೇಕಾದರೂ ಆ್ಯಪಲ್‌ನ ಸರ್ವರ್ ಅದಕ್ಕೆ ಸಹಿ ಮಾಡಬೇಕು. ಬಿಡುಗಡೆಯಾದ ಸ್ವಲ್ಪ ದಿನಕ್ಕೇ ಹಳೆಯದಕ್ಕೆ ಸಹಿ ಮಾಡುವುದನ್ನು ಕಂಪನಿ ನಿಲ್ಲಿಸಿತು. ಸಾವಿರಾರು ರೂಪಾಯಿ ಕೊಟ್ಟು ಕೊಂಡ ವಸ್ತುವಿನ ಒಳಗಿನದನ್ನು ಕೊಂಡವನು ಹಿಂದಿನಂತೆ ಮಾಡಿಕೊಳ್ಳುವ ಹಾಗಿರಲಿಲ್ಲ. ಭದ್ರತೆಗಾಗಿ ಹೀಗೆ ಎಂಬುದು ಕಂಪನಿಯ ಸಮರ್ಥನೆ. ಅದು ಸುಳ್ಳಲ್ಲ, ಹಳೆಯ ಆವೃತ್ತಿಯ ಕಿಂಡಿಗಳು ಕಳ್ಳರಿಗೆ ಗೊತ್ತಿರುತ್ತವೆ. ಆದರೂ ಒಂದು ದಿನ ಚರ್ಮ ಇಷ್ಟ ಎಂದವರು ಅವರೇ, ಮರುದಿನ ಚರ್ಮ ಬೇಡ ಎಂದವರೂ ಅವರೇ. ಕೋಟ್ಯಂತರ ಜನರನ್ನು ಯಾರೂ ಕೇಳಲಿಲ್ಲ. ನನಗೆ ಐಒಎಸ್ 7ರ ಕಥೆಯಲ್ಲಿ ಬಣ್ಣಕ್ಕಿಂತ ಇದೇ ಮುಖ್ಯವಾಗಿ ಕಾಣುತ್ತದೆ.

ಭದ್ರತೆಯ ಮಾತಿಗೆ ಬಂದರೆ, 2014ರ ಫೆಬ್ರುವರಿ 21ರ ಘಟನೆಯನ್ನು ಹೇಳಲೇಬೇಕು. ಆ ಶುಕ್ರವಾರ ಸದ್ದಿಲ್ಲದೆ 7.0.6 ಎಂಬ ಸಣ್ಣ ಅಪ್‌ಡೇಟ್ ಬಂತು. ತಿಳಿದವರು ಅದನ್ನು ಬಿಚ್ಚಿ ನೋಡಿ ಹೌಹಾರಿದರು. ಬ್ಯಾಂಕಿನ ಜಾಲತಾಣವೋ ಮೇಲ್ ಸರ್ವರೋ, ಅತ್ತಕಡೆ ಇರುವುದು ಅಸಲಿಯೇ ಎಂದು ಸಹಿ ನೋಡಿ ಪರೀಕ್ಷಿಸುವ ಕೋಡಿನಲ್ಲಿ ಒಂದು ಸಾಲು ಅಕಸ್ಮಾತ್ ಎರಡು ಸಲ ಬಿದ್ದಿತ್ತು. ‘ಗೋಟು ಫೇಲ್’ ಎಂಬ ಸಾಲು. ಮೊದಲನೆಯದಕ್ಕೆ ಷರತ್ತಿತ್ತು, ಎರಡನೆಯದಕ್ಕೆ ಇರಲಿಲ್ಲ. ಹಾಗಾಗಿ ಕೋಡು ಪ್ರತಿ ಸಲವೂ ಅಲ್ಲಿಂದಲೇ ಹೊರಬೀಳುತ್ತಿತ್ತು, ಕೊನೆಯ ಪರೀಕ್ಷೆ ನಡೆಯುತ್ತಲೇ ಇರಲಿಲ್ಲ, ಫಲಿತಾಂಶ ಮಾತ್ರ ಎಲ್ಲ ಸರಿಯಾಗಿದೆ ಎಂದೇ ಬರುತ್ತಿತ್ತು. ಕಾಫಿ ಅಂಗಡಿಯ ವೈಫೈಯಲ್ಲಿ ನಡುವೆ ಕೂತ ಕಳ್ಳನೊಬ್ಬ ತಾನೇ ಬ್ಯಾಂಕು ಎಂದರೆ ಫೋನು ನಂಬಿಬಿಡುತ್ತಿತ್ತು. ತಪ್ಪು ಐಒಎಸ್ 6ರ ಕಾಲದಿಂದಲೂ ಇತ್ತು. ಐಕಾನಿನ ಮೂಲೆ ಎಷ್ಟು ದುಂಡಗಿರಬೇಕು ಎಂದು ಏಳು ತಿಂಗಳು ತಲೆ ಕೆಡಿಸಿಕೊಂಡ ಕಂಪನಿಯಲ್ಲಿ ಆ ಸಾಲು ಒಂದೂವರೆ ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಇನ್ನೊಂದು ಬೀಗ ಮಾತ್ರ ಚೆನ್ನಾಗಿ ಕೂತಿತು. ಆಗ ನ್ಯೂಯಾರ್ಕಿನಲ್ಲಿ ಐಫೋನ್ ಕಸಿದು ಓಡುವುದು ಎಷ್ಟು ಹೆಚ್ಚಿತ್ತೆಂದರೆ, ಆ್ಯಪಲ್ ವಸ್ತುಗಳ ಕಳವು ಬಿಟ್ಟು ಲೆಕ್ಕ ಹಾಕಿದರೆ ನಗರದ ಅಪರಾಧ ಇಳಿದಿದೆ ಎಂದು ಮೇಯರ್ ಬ್ಲೂಮ್‌ಬರ್ಗ್ 2012ರ ಕೊನೆಗೆ ಹೇಳಬೇಕಾಯಿತು. ಕದ್ದ ಫೋನನ್ನು ಅಳಿಸಿ, ಹೊಸದರಂತೆ ಮಾಡಿ ಮಾರುವುದು ಸುಲಭವಿತ್ತು. ಐಒಎಸ್ 7 ತಂದ ಆ್ಯಕ್ಟಿವೇಶನ್ ಲಾಕ್ ಆ ವ್ಯಾಪಾರದ ಬೇರಿಗೇ ಕೈಹಾಕಿತು: ಪೂರ್ತಿ ಅಳಿಸಿದರೂ ಫೋನು ಹಳೆಯ ಮಾಲೀಕರ ಆ್ಯಪಲ್ ಐಡಿ, ಪಾಸ್‌ವರ್ಡ್ ಕೇಳುತ್ತದೆ; ಇಲ್ಲದಿದ್ದರೆ ಅದೊಂದು ಗಾಜಿನ ತುಂಡು. ನಂತರದ ಆರು ತಿಂಗಳಲ್ಲಿ ಐಫೋನ್ ಸುಲಿಗೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಶೇ 38ರಷ್ಟು, ಲಂಡನ್ನಿನಲ್ಲಿ ಶೇ 24ರಷ್ಟು ಇಳಿಯಿತೆಂದು ಅಧಿಕಾರಿಗಳು ಲೆಕ್ಕ ಕೊಟ್ಟರು. 2014ರಲ್ಲಿ ಕ್ಯಾಲಿಫೋರ್ನಿಯಾ ಇಂಥ ಬೀಗವನ್ನು ಎಲ್ಲ ಸ್ಮಾರ್ಟ್‌ಫೋನಿಗೂ ಕಡ್ಡಾಯ ಮಾಡುವ ಕಾನೂನು ತಂದಿತು. ಈಗಲೂ ಹಳೆಯ ಐಫೋನ್ ಕೊಳ್ಳುವವರು ಮಾರುವವನ ಎದುರಿಗೇ ಅವನ ಖಾತೆಯಿಂದ ಸೈನ್ ಔಟ್ ಮಾಡಿಸಿಕೊಂಡೇ ದುಡ್ಡು ಕೊಡಬೇಕು. ಬಾಯಿಮಾತು ನಂಬಿ ಕೊಂಡವರ ಕೈಯಲ್ಲಿ ಗಾಜಿನ ತುಂಡು ಉಳಿದ ಉದಾಹರಣೆ ಬೇಕಾದಷ್ಟಿವೆ.

ಕನ್ನಡದ ಮಟ್ಟಿಗೆ ಐಒಎಸ್ 7 ಕೊಟ್ಟದ್ದು ಏನೂ ಇಲ್ಲ. ಆ ವರ್ಷ ತಮಿಳಿಗೆ ಕೀಲಿಮಣೆ ಬಂತು. ಕನ್ನಡವನ್ನು ಐಫೋನಿನಲ್ಲಿ ಓದಬಹುದಿತ್ತು, ಫೋನಿನದೇ ಕೀಲಿಮಣೆಯಲ್ಲಿ ಬರೆಯುವಂತಿರಲಿಲ್ಲ. ಆಂಡ್ರಾಯ್ಡ್ ಅದಕ್ಕೂ ಒಂದು ವರ್ಷ ಮೊದಲೇ, 2012ರ 4.1 ಆವೃತ್ತಿಯಲ್ಲಿ, ಕನ್ನಡ, ತೆಲುಗು, ಮಲಯಾಳಕ್ಕೆ ಜಾಗ ಮಾಡಿತ್ತು. 2013ರ ನವೆಂಬರ್ 1ರಂದು, ಅದೂ ರಾಜ್ಯೋತ್ಸವದ ದಿನವೇ, ಐಫೋನ್ 5ಎಸ್ ಭಾರತಕ್ಕೆ ಬಂದಾಗ ಅದರ ಆರಂಭದ ಬೆಲೆ 53,500 ರೂಪಾಯಿ. ಅಷ್ಟು ಕೊಟ್ಟವನೂ ಅಮ್ಮನಿಗೆ ಕನ್ನಡದಲ್ಲಿ ಒಂದು ಸಾಲು ಕಳಿಸಬೇಕಾದರೆ ಎಲ್ಲಿಂದಲೋ ನಕಲು ಮಾಡಿ ಅಂಟಿಸಬೇಕಿತ್ತು. 2014ರ ಐಒಎಸ್ 8 ಹೊರಗಿನವರ ಕೀಲಿಮಣೆಗೆ ಬಾಗಿಲು ತೆರೆಯಿತು. ಆ್ಯಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ, ಐಒಎಸ್ 11ರಲ್ಲಿ.

ಚಪ್ಪಟೆ ವಿನ್ಯಾಸ ಮಾತ್ರ ಗೆದ್ದಿತು. ವರ್ಷ ಎರಡು ವರ್ಷದಲ್ಲಿ ಬ್ಯಾಂಕುಗಳ ಲೋಗೊದಿಂದ ಹಿಡಿದು ಟ್ಯಾಕ್ಸಿ ಆ್ಯಪಿನವರೆಗೆ ಎಲ್ಲವೂ ನೆರಳು ಉಬ್ಬು ಕಳಚಿ ತೆಳ್ಳಗಾದವು. ಹಾಗೆಂದು ಫೋರ್‌ಸ್ಟಾಲ್ ಪೂರ್ತಿ ಸೋತರು ಎನ್ನಲಾರೆ. 7.1ರಲ್ಲಿ ಆ್ಯಪಲ್ ಒಂದು ಆಯ್ಕೆ ಸೇರಿಸಿತು: ಬೇಕೆಂದವರಿಗೆ ಗುಂಡಿಯ ಆಕಾರ ಕಾಣಿಸುತ್ತದೆ. ಎಲ್ಲಿ ಒತ್ತಬೇಕೆಂದು ತಿಳಿಯುತ್ತಿಲ್ಲ ಎಂಬ ದೂರಿಗೆ ಸಿಕ್ಕಿದ ಉತ್ತರ ಅದು. 2007ರಲ್ಲಿ ಅವರ ತಂಡ ಬಿಡಿಸಿದ್ದೂ ಅದೇ ತೊಡಕನ್ನೇ. ಅವರು ಆಮೇಲೆ ಬ್ರಾಡ್‌ವೇ ನಾಟಕಗಳ ನಿರ್ಮಾಪಕರಾದರು; ಅವರು ಸಹನಿರ್ಮಾಪಕರಾಗಿದ್ದ ‘ಫನ್ ಹೋಮ್’ 2015ರಲ್ಲಿ ಅತ್ಯುತ್ತಮ ಸಂಗೀತನಾಟಕಕ್ಕೆ ಟೋನಿ ಪ್ರಶಸ್ತಿ ಪಡೆಯಿತು. ಐವ್ 2019ರಲ್ಲಿ ಆ್ಯಪಲ್ ಬಿಟ್ಟರು.

2025ರ ಸೆಪ್ಟೆಂಬರ್‌ನಲ್ಲಿ ಐಒಎಸ್ 26 ಬಂತು. ಐಒಎಸ್ 7ರ ನಂತರದ ಅತಿ ದೊಡ್ಡ ರೂಪ ಬದಲಾವಣೆ ಎಂದು ಅದನ್ನು ಕರೆದರು. ಚಪ್ಪಟೆಯಾಗಿದ್ದ ಗುಂಡಿಗಳು ಮತ್ತೆ ಉಬ್ಬಿದವು, ಈ ಸಲ ನೀರಿನಂಥ ಗಾಜಿನಲ್ಲಿ. ಅಕ್ಷರ ಕಾಣುವುದಿಲ್ಲ, ಕಣ್ಣು ನೋಯುತ್ತದೆ ಎಂಬ ದೂರುಗಳು ಮತ್ತೆ ಎದ್ದವು. ಗಾಜನ್ನು ಒಂದಿಷ್ಟು ಮಂದ ಮಾಡುವ ಆಯ್ಕೆಯನ್ನು 26.1ರಲ್ಲಿ ಕೊಟ್ಟರು. ಹಳೆಯ ರೂಪವೇ ಇರಲಿ ಎನ್ನುವವರಿಗೆ ಮಾತ್ರ ಸೆಟ್ಟಿಂಗ್ಸ್‌ನಲ್ಲಿ ಈಗಲೂ ಅಂಥ ಗುಂಡಿ ಇಲ್ಲ.